ಬೈಕ್ ಹೆಡ್‌ಲೈಟ್ ಸಾಲ್ತಿಲ್ಲ: ಎಲ್‌ಇಡಿ ಹಾಕ್ಸೋದಾ, ಬುಲೆಟ್ ಬಲ್ಬ್ ಹಾಕ್ಸೋದಾ?

ಪ್ರಶ್ನೆ: ಸರ್ ನಮಸ್ತೆ. ನಂದು 2013ರ 100 ಸಿಸಿ ಬೈಕ್. ಚಿಕ್ಕಮಗಳೂರಲ್ಲಿ ಕೆಲಸ, ರಾತ್ರಿ ಒಂಬತ್ತು ಗಂಟೆ ಮೇಲೆ ಮೂಡಿಗೆರೆ ಕಡೆ ವಾಪಸ್ ಬರ್ಬೇಕು, ದಾರೀಲಿ ಎಷ್ಟೋ ಕಡೆ ಲೈಟ್ ಕಂಬ ಇಲ್ಲ, ಮಳೆಗಾಲದಲ್ಲಿ ಮಂಜು ಬೇರೆ. ಹೆಡ್‌ಲೈಟ್ ಕೆಂಪಗೆ ಉರಿಯುತ್ತೆ, ಗಾಡಿ ಸ್ಲೋ ಮಾಡಿದ್ರೆ ಇನ್ನೂ ಡಲ್, ರೇಸ್ ಕೊಟ್ರೆ ಸ್ವಲ್ಪ ಪರವಾಗಿಲ್ಲ. ಈ ವರ್ಷ ಎರಡು ಸಲ ಬಲ್ಬ್ ಹೋಯ್ತು. ಒಬ್ರು ಮೆಕ್ಯಾನಿಕ್ ಬ್ಯಾಟರಿ ವೀಕ್ ಅಂತ ಹೊಸ ಬ್ಯಾಟರಿ ಹಾಕಿದ್ರು, ಏನೂ ವ್ಯತ್ಯಾಸ ಆಗ್ಲಿಲ್ಲ. ಇನ್ನೊಬ್ರು ಬುಲೆಟ್ ಬಲ್ಬ್ ತಂದು ಕಿವಿ ಉಜ್ಜಿ ಕೂರಿಸ್ತೀನಿ ಅಂತಾರೆ. ಫ್ರೆಂಡ್ ಒಬ್ಬ ಆನ್‌ಲೈನಲ್ಲಿ 350 ರೂಪಾಯಿ ಎಲ್‌ಇಡಿ ತೋರಿಸ್ದ, 20,000 ಲ್ಯೂಮೆನ್ ಅಂತ ಬರೆದಿದೆ. ಮಂಜಿಗೆ ಹಳದಿ ಬಲ್ಬೇ ಬೇಕು ಅಂತಾನೂ ಹೇಳ್ತಾರೆ. ದಿನಾ ಹಿಂದೆ ಸೀಟ್ ಮೇಲೆ ಸಾಮಾನು ಕಟ್ಕೊಂಡು ಬರ್ತೀನಿ. ಯಾವುದು ಹಾಕ್ಸಿದ್ರೆ ಒಳ್ಳೇದು ದಯವಿಟ್ಟು ತಿಳಿಸಿ.

ಉತ್ತರ: ನಮಸ್ತೆ. ಯಾವ ಬಲ್ಬ್ ಅಂತ ಕೇಳಿದೀರಿ, ಆದ್ರೆ ನೀವು ಬರೆದಿರೋದನ್ನ ಓದಿದ್ರೆ ತಪ್ಪು ಬಲ್ಬಲ್ಲಿ ಇರೋ ಹಾಗೆ ಕಾಣ್ತಿಲ್ಲ. ಕೆಂಪಗೆ ಉರಿಯೋದು, ಸ್ಲೋ ಮಾಡಿದ್ರೆ ಡಲ್ ಆಗೋದು, ಅದರ ಜೊತೆಗೆ ಬಲ್ಬ್ ಪದೇ ಪದೇ ಹೋಗೋದು, ಇವೆಲ್ಲ ಬಲ್ಬ್ ತನಕ ಕರೆಂಟ್ ಸರಿಯಾಗಿ ಬರ್ತಿಲ್ಲ ಅನ್ನೋದರ ಗುರುತು. ಅದನ್ನ ಸರಿ ಮಾಡದೆ ನೀವು ಎಂಥ ಬಲ್ಬ್ ತಂದು ಹಾಕಿದ್ರೂ ಒಂದು ತಿಂಗಳು ಖುಷಿ, ಆಮೇಲೆ ಅದೇ ಕಥೆ.

ಮೊದ್ಲು ಬ್ಯಾಟರಿ ವಿಷಯ ಮುಗಿಸಿಬಿಡೋಣ, ಅದರಲ್ಲಿ ನಿಮ್ಮ ದುಡ್ಡು ಆಗ್ಲೇ ಹೋಗಿದೆ. ಆ ಕಾಲದ ಸಣ್ಣ ಬೈಕ್‌ಗಳಲ್ಲಿ ಬಹಳಷ್ಟರಲ್ಲಿ ಹೆಡ್‌ಲೈಟಿಗೂ ಬ್ಯಾಟರಿಗೂ ಸಂಬಂಧಾನೇ ಇಲ್ಲ. ಇಂಜಿನ್ ಒಳಗಿರೋ ಮ್ಯಾಗ್ನೆಟ್ ತಿರುಗಿ ಕಾಯಿಲಲ್ಲಿ ಕರೆಂಟ್ ಹುಟ್ಟುತ್ತೆ, ಅದು ಎಸಿ (ದಿಕ್ಕು ಬದಲಿಸ್ತಾ ಹರಿಯೋ ಕರೆಂಟ್), ಅದರಲ್ಲಿ ಅರ್ಧ ಭಾಗ ಆರ್‌ಆರ್ ಯೂನಿಟ್ (ರೆಗ್ಯುಲೇಟರ್ ರೆಕ್ಟಿಫೈಯರ್, ವೋಲ್ಟೇಜ್ ಹಿಡಿತದಲ್ಲಿಟ್ಟು ಎಸಿನ ಬ್ಯಾಟರಿಗೆ ಬೇಕಾದಂಗೆ ಬದಲಿಸೋ ಡಬ್ಬಿ) ಮೂಲಕ ಬ್ಯಾಟರಿ ಚಾರ್ಜಿಗೆ ಹೋಗುತ್ತೆ, ಇನ್ನರ್ಧ ನೇರ ಹೆಡ್‌ಲೈಟಿಗೆ ಬರುತ್ತೆ. ಹಾರ್ನು, ಇಂಡಿಕೇಟರು, ಬ್ರೇಕ್ ಲೈಟು ಬ್ಯಾಟರಿ ಮೇಲೆ ನಡೆಯುತ್ತೆ, ಹೆಡ್‌ಲೈಟ್ ಮಾತ್ರ ಇಂಜಿನ್ ಮೇಲೆ. ಹಂಗಾಗಿ ಇಂಜಿನ್ ನಿಧಾನ ತಿರುಗಿದ್ರೆ ಬೆಳಕು ಕಮ್ಮಿ, ಜೋರಾಗಿ ತಿರುಗಿದ್ರೆ ಜಾಸ್ತಿ. ನಿಮ್ಮದು ಅದೇನಾ ಅಂತ ನೋಡ್ಬೇಕಂದ್ರೆ ಸುಲಭ: ಇಂಜಿನ್ ಆಫ್ ಮಾಡಿ ಕೀ ಆನ್ ಇಟ್ಟು ಹೆಡ್‌ಲೈಟ್ ಸ್ವಿಚ್ ಹಾಕಿ, ಹಾರ್ನ್ ಹೊಡೆದು ಹೆಡ್‌ಲೈಟ್ ಉರೀಲಿಲ್ಲ ಅಂದ್ರೆ ಅದು ಎಸಿ ಲೈನ್. ಹೊಸ ಬ್ಯಾಟರಿ ಹಾಕಿದ್ರೂ ವ್ಯತ್ಯಾಸ ಆಗ್ಲಿಲ್ಲ ಅಂದ್ರಲ್ಲ, ಆಗೋಕೆ ಸಾಧ್ಯಾನೂ ಇರ್ಲಿಲ್ಲ. (ಇತ್ತೀಚಿನ ಗಾಡಿಗಳು ಹೆಚ್ಚಿನವು ಡಿಸಿ, ಅಂದ್ರೆ ಹೆಡ್‌ಲೈಟ್ ಬ್ಯಾಟರಿ ಲೈನಿನ ಒಂದೇ ದಿಕ್ಕಿನ ಕರೆಂಟಲ್ಲಿ ಉರಿಯುತ್ತೆ, ಅವುಗಳಲ್ಲಿ ಬ್ಯಾಟರಿ ಲೆಕ್ಕಕ್ಕೆ ಬರುತ್ತೆ. ಓದ್ತಿರೋ ಬೇರೆಯವ್ರು ಇದನ್ನ ತಮ್ಮ ಗಾಡಿಗೆ ಹಂಗೇ ತಗೋಬೇಡಿ.)

ಸ್ಲೋ ಅಲ್ಲಿ ಸ್ವಲ್ಪ ಡಲ್ ಆಗೋದು ಎಸಿ ಗಾಡಿಗೆ ಸಹಜಾನೇ. ಆದ್ರೆ ಮೂರನೇ ಗೇರು ನಾಲ್ಕನೇ ಗೇರಲ್ಲಿ ನಲವತ್ತರಲ್ಲಿ ಹೋಗುವಾಗಲೂ ಕೆಂಪಗೇ ಇದ್ರೆ ಅದು ಸಹಜ ಅಲ್ಲ. ಹ್ಯಾಲೊಜನ್ ಬಲ್ಬ್ ಒಂಥರಾ ವಿಚಿತ್ರ ಸಾಮಾನು, ವೋಲ್ಟೇಜ್ ಸ್ವಲ್ಪ ಇಳಿದ್ರೆ ಬೆಳಕು ಅದಕ್ಕಿಂತ ಎಷ್ಟೋ ಜಾಸ್ತಿ ಇಳಿಯುತ್ತೆ. ವೋಲ್ಟೇಜಲ್ಲಿ 5% ಕಮ್ಮಿ ಆದ್ರೆ ಬೆಳಕು 15%ರಷ್ಟು ಹೋಗುತ್ತೆ, 10% ಕಮ್ಮಿ ಆದ್ರೆ 30%ರಷ್ಟು ಹೋಯ್ತು ಅಂತಾನೇ ಲೆಕ್ಕ. ಅಂದ್ರೆ ಹೋಲ್ಡರಲ್ಲಿ ಒಂದು ಕರಟಿದ ಪಿನ್ನು, ಸ್ವಿಚ್ಚಲ್ಲಿ ಹಸಿರು ಹಿಡಿದ ಕಾಂಟ್ಯಾಕ್ಟು, ತುಕ್ಕು ಹಿಡಿದ ಒಂದು ಅರ್ತ್ ಬೋಲ್ಟು, ಇವು ಮೂರು ಸೇರಿ ಒಂದೂಕಾಲು ವೋಲ್ಟ್ ತಿಂದುಹಾಕಿದ್ರೂ ಸಾಕು, ಮೂರರಲ್ಲಿ ಒಂದು ಪಾಲು ಬೆಳಕು ದಾರೀಲೇ ಮಾಯ. ಮಲೆನಾಡಿನ ಗಾಡಿಗಳಲ್ಲಿ ಇದು ಸಿಕ್ಕಾಪಟ್ಟೆ, ಜೂನ್‌ನಿಂದ ಸೆಪ್ಟೆಂಬರ್ ತನಕ ವೈರ್ ಜೋಡಿಸೋ ಕಪ್ಲರ್‌ಗಳೆಲ್ಲ ಒದ್ದೆ, ಬಿಸಿಲು ಕಾಣೋಷ್ಟರಲ್ಲಿ ಹಿತ್ತಾಳೆ ಎಲ್ಲ ಹಸಿರಾಗಿರುತ್ತೆ.

ಇದೇ ಲೆಕ್ಕ ಉಲ್ಟಾ ಕೂಡ ನಡೆಯುತ್ತೆ. ವೋಲ್ಟೇಜ್ 5% ಜಾಸ್ತಿ ಆದ್ರೆ ಬೆಳಕು ಚೆನ್ನಾಗಿರುತ್ತೆ, ಬಲ್ಬಿನ ಆಯಸ್ಸು ಮಾತ್ರ ಹೆಚ್ಚುಕಮ್ಮಿ ಅರ್ಧ ಆಗುತ್ತೆ. ನಿಮಗೆ ಎರಡು ಬಲ್ಬ್ ಹೋಗಿದ್ದಕ್ಕೆ ಆರ್‌ಆರ್ ಯೂನಿಟ್ ಒಂದು ಕಾರಣ ಇರಬಹುದು, ರೇಸ್ ಕೊಟ್ಟಾಗ ಅದು ವೋಲ್ಟೇಜನ್ನ ಹಿಡಿದು ನಿಲ್ಲಿಸ್ಬೇಕು, ಕೆಟ್ಟಿದ್ರೆ ಬಿಟ್ಟುಬಿಡುತ್ತೆ. ಬಲ್ಬ್ ಹೋದಾಗ ಫುಲ್ ರೇಸಲ್ಲಿದ್ರಾ, ಹೋಗೋಕೆ ಮುಂಚೆ ಲೈಟು ಇದ್ದಕ್ಕಿದ್ದಂಗೆ ಬೆಳ್ಳಗೆ ಜೋರಾಯ್ತಾ ಅಂತ ನೆನಪು ಮಾಡ್ಕೊಳ್ಳಿ. ಹಂಗಾಗಿದ್ರೆ ಯೂನಿಟ್ ಮೇಲೇ ಅನುಮಾನ. ಇನ್ನೊಂದು ಕಾರಣ ಹೋಲ್ಡರ್ ಲೂಸ್ ಇದ್ದು ಬಲ್ಬ್ ಅಲ್ಲಾಡೋದು. ಮೂರನೇದು ಬಹಳ ಜನಕ್ಕೆ ಗೊತ್ತಿಲ್ಲ: ಹಾಕುವಾಗ ಗಾಜನ್ನ ಬರಿಗೈಲಿ ಮುಟ್ಟೋದು. ಕೈಯಲ್ಲಿರೋ ಜಿಡ್ಡು ಗಾಜಿಗೆ ಅಂಟಿದ್ರೆ ಬಿಸಿಗೆ ಆ ಜಾಗ ಕೆಟ್ಟು ಬಲ್ಬ್ ಬೇಗ ಹೋಗುತ್ತೆ. ಕೆಳಗಿನ ಲೋಹದ ಭಾಗ ಹಿಡಿದು ಹಾಕ್ಬೇಕು, ಮುಟ್ಟಿಬಿಟ್ರೆ ಸ್ಪಿರಿಟಲ್ಲಿ ಒರೆಸಿ ಹಾಕಿದ್ರಾಯ್ತು. ಮೆಕ್ಯಾನಿಕ್ ಆಯಿಲ್ ಕೈಲೇ ಹಾಕ್ತಿದ್ರೆ ದಾಕ್ಷಿಣ್ಯ ನೋಡಬೇಡಿ, ನಾನೇ ಹಾಕ್ತೀನಿ ಕೊಡಣ್ಣ ಅಂತ ಇಸ್ಕೊಳ್ಳಿ.

ಈಗ ಬುಲೆಟ್ ಬಲ್ಬ್ ಕಥೆಗೆ ಬರ್ತೀನಿ. ನಿಮ್ಮ ಗಾಡಿಗೆ ಬರೋದು ಬಹುಶಃ ಎಚ್‌ಎಸ್1 ಅನ್ನೋ ಬಲ್ಬು, 35/35 ವ್ಯಾಟು (ಮೊದಲನೇದು ಹೈ ಬೀಮಿಗೆ, ಎರಡನೇದು ಡಿಮ್ಮಿಗೆ). ಹಳೇ ಬುಲೆಟ್, ಕ್ಲಾಸಿಕ್ 350 ಇವಕ್ಕೆ ಬರೋದು ಎಚ್4, 60/55 ವ್ಯಾಟು. ನೋಡೋಕೆ ಅಣ್ಣತಮ್ಮಂದಿರ ಥರ ಇರುತ್ತೆ ಆದ್ರೆ ಕೆಳಗಿನ ರಿಂಗಲ್ಲಿರೋ ಕಿವಿಗಳು ಬೇರೆ ಬೇರೆ, ಒಂದರ ಜಾಗದಲ್ಲಿ ಇನ್ನೊಂದು ಕೂರಬಾರದು ಅಂತಾನೇ ಹಂಗೆ ಮಾಡಿರೋದು. ಕಿವಿ ಉಜ್ಜಿದ್ರೆ ಕೂರುತ್ತೆ ನಿಜ. ಆದ್ರೆ ಬಲ್ಬ್ ಓರೆ ಕೂತ್ರೂ, ಒಂದು ಮಿಲಿಮೀಟರ್ ಹಿಂದೆ ಮುಂದೆ ಆದ್ರೂ, ಡೂಮ್ (ಗಾಜು, ರಿಫ್ಲೆಕ್ಟರ್ ಸೇರಿದ ಹೆಡ್‌ಲೈಟ್ ಬುರುಡೆ) ಒಳಗಿನ ರಿಫ್ಲೆಕ್ಟರ್ ಲೆಕ್ಕ ತಪ್ಪಿ ಬೆಳಕು ರೋಡ್ ಬಿಟ್ಟು ಅಡಿಕೆ ಮರಕ್ಕೆ ಬೀಳುತ್ತೆ. ಅದಕ್ಕಿಂತ ಮುಖ್ಯ, ನಿಮ್ಮ ಮ್ಯಾಗ್ನೆಟ್ ಕಾಯಿಲ್ ಕೊಡೋದೇ ಅಷ್ಟು. 35 ವ್ಯಾಟಿಗೆ ಅಂತ ಸುತ್ತಿರೋ ಕಾಯಿಲಿಗೆ 60 ವ್ಯಾಟ್ ಹೊರಿಸಿದ್ರೆ ವೋಲ್ಟೇಜ್ ಕುಸಿದುಹೋಗುತ್ತೆ, ವೋಲ್ಟೇಜ್ ಕುಸಿದ್ರೆ ಬೆಳಕು ಏನಾಗುತ್ತೆ ಅಂತ ಮೇಲೇ ಹೇಳಿದೀನಿ. ದೊಡ್ಡ ಬಲ್ಬ್ ಹಾಕ್ಸಿ ಮೊದಲಿಗಿಂತ ಕೆಂಪಗೆ ಉರಿಯೋ ಗಾಡಿಗಳು ನಮ್ಮ ಅಂಗಡಿಗೆ ಬರ್ತಾನೇ ಇರ್ತವೆ, ಓನರ್ ಮಾತ್ರ "ಇಲ್ಲ ಸರ್ ಮೊದಲಿಗಿಂತ ಚೆನ್ನಾಗಿದೆ" ಅಂತಾರೆ, ದುಡ್ಡು ಕೊಟ್ಟಿರ್ತಾರಲ್ಲ.

ಡಿಸಿ ಗಾಡಿಯವ್ರು 100/90 ವ್ಯಾಟಿನ ಬಲ್ಬ್ ಹಾಕೋದೂ ಇದೆ. ಅಲ್ಲಿ ತೊಂದರೆ ಬೇರೆ ಥರ. 35 ವ್ಯಾಟಿಗೆ ಹರಿಯೋ ಕರೆಂಟ್ ಮೂರು ಆಂಪಿಯರ್ ಹತ್ತಿರ, 100 ವ್ಯಾಟಿಗೆ ಎಂಟಕ್ಕಿಂತ ಜಾಸ್ತಿ. ಕಂಪನಿ ಹಾಕಿರೋ ಸಣ್ಣ ವೈರು, ಸ್ವಿಚ್ಚು, ಪ್ಲಾಸ್ಟಿಕ್ ಹೋಲ್ಡರ್ ಅಷ್ಟು ತಡೆಯೋದಿಲ್ಲ. ಮೊದ್ಲು ಹೋಲ್ಡರ್ ಹಳದಿ ಆಗುತ್ತೆ, ಆಮೇಲೆ ಕಪ್ಪು, ಆಮೇಲೆ ಕರಗುತ್ತೆ. ಒಳಗಿನ ರಿಫ್ಲೆಕ್ಟರು ಪ್ಲಾಸ್ಟಿಕ್ ಮೇಲೆ ಅಲ್ಯೂಮಿನಿಯಂ ಲೇಪನ, ಆ ಕಾವಿಗೆ ಅದೂ ಮಂಕಾಗುತ್ತೆ. ಬೇರೆ ರಿಲೇ, ಫ್ಯೂಸು, ದಪ್ಪ ವೈರ್ ಹಾಕಿ ಮಾಡಿದ್ರೆ ವೈರಿಂಗ್ ಉಳಿಯುತ್ತೆ, ಎದುರಿಗೆ ಬರೋರ ಕಣ್ಣು ಉಳಿಯಲ್ಲ, ಕಾನೂನೂ ಒಪ್ಪಲ್ಲ.

ಇನ್ನು ಆ 350 ರೂಪಾಯಿ ಎಲ್‌ಇಡಿ. ಲ್ಯೂಮೆನ್ ಅಂದ್ರೆ ಬಲ್ಬ್ ಒಟ್ಟು ಎಷ್ಟು ಬೆಳಕು ಕೊಡುತ್ತೆ ಅನ್ನೋ ಅಳತೆ, ಡಬ್ಬದ ಮೇಲಿನ 20,000 ಲ್ಯೂಮೆನ್ನಿಗೆ ಒಂದು ಸಣ್ಣ ಲೆಕ್ಕ ಹಾಕಿ. ಒಳ್ಳೇ ಎಲ್‌ಇಡಿ ಒಂದು ವ್ಯಾಟಿಗೆ ಸುಮಾರು ನೂರು ಲ್ಯೂಮೆನ್ ಕೊಡುತ್ತೆ ಅಂತ ಇಟ್ಕೊಳ್ಳಿ, 20,000ಕ್ಕೆ 200 ವ್ಯಾಟ್ ಬೇಕು. ಅದೇ ಡಬ್ಬದ ಇನ್ನೊಂದು ಪಕ್ಕದಲ್ಲಿ 20 ವ್ಯಾಟೋ 40 ವ್ಯಾಟೋ ಅಂತ ಬರೆದಿರುತ್ತೆ. ಎರಡೂ ಒಟ್ಟಿಗೆ ನಿಜ ಇರೋಕಾಗಲ್ಲ. ಹೋಲಿಕೆಗೆ ಹೇಳ್ಬೇಕಂದ್ರೆ ಸರಿಯಾದ ಎಚ್‌ಎಸ್1 ಹ್ಯಾಲೊಜನ್ 13.2 ವೋಲ್ಟಲ್ಲಿ ಹೈ ಬೀಮಿಗೆ 825, ಡಿಮ್ಮಿಗೆ 525 ಲ್ಯೂಮೆನ್ ಕೊಡುತ್ತೆ, ಎಚ್4 ಹೈ ಬೀಮಿಗೆ 1650. ಇಷ್ಟರಲ್ಲೇ ಜನ ರಾತ್ರಿಯೆಲ್ಲ ಗಾಡಿ ಓಡಿಸಿದಾರೆ.

ಲ್ಯೂಮೆನ್ ಸುಳ್ಳು ಅನ್ನೋದು ಸಣ್ಣ ವಿಷಯ, ಬಿಡಿ. ದೊಡ್ಡ ವಿಷಯ ಬೆಳಕು ಎಲ್ಲಿಂದ ಹುಟ್ಟುತ್ತೆ ಅನ್ನೋದು. ನಿಮ್ಮ ಬಲ್ಬನ್ನ ಹತ್ತಿರದಿಂದ ನೋಡಿ, ಒಳಗೆ ಎರಡು ತಂತಿ ಸುರುಳಿ ಇರುತ್ತೆ, ಅದರಲ್ಲಿ ಡಿಮ್ಮಿನ ಸುರುಳಿ ಕೆಳಗೆ ಒಂದು ಪುಟ್ಟ ಲೋಹದ ತೊಟ್ಟಿಲಿದ್ದಂಗೆ ಒಂದು ಅಡ್ಡ ತಗಡಿದೆ. ಡಿಮ್ ಹಾಕಿದಾಗ ಆ ತಗಡು ಕೆಳಗೆ ಹೋಗೋ ಬೆಳಕನ್ನ ತಡೆಯುತ್ತೆ, ರಿಫ್ಲೆಕ್ಟರಿನ ಮೇಲಿನ ಭಾಗಕ್ಕೆ ಮಾತ್ರ ಬೆಳಕು ಬಿದ್ದು ಅಲ್ಲಿಂದ ರೋಡ್ ಕಡೆ ಇಳಿಯುತ್ತೆ. ಗೋಡೆ ಮೇಲೆ ಬಿಟ್ರೆ ಮೇಲೆ ಕತ್ತಲೆ ಕೆಳಗೆ ಬೆಳಕು ಅಂತ ಗೆರೆ ಎಳೆದಂಗೆ ಕಾಣೋದು ಅದಕ್ಕೇ. ಅಗ್ಗದ ಎಲ್‌ಇಡಿಗಳಲ್ಲಿ ಚಿಪ್ಪುಗಳನ್ನ ಮೂರು ಕಡೆಗೋ ಆರು ಕಡೆಗೋ ಅಂಟಿಸಿರ್ತಾರೆ, ಅಡ್ಡ ತಗಡೂ ಇಲ್ಲ, ಜಾಗದ ಲೆಕ್ಕಾನೂ ಇಲ್ಲ. ಗಾಡಿ ಮುಂದೆ ಹತ್ತಡಿ ಬೆಳ್ಳಗೆ ಹಾಲು ಚೆಲ್ಲಿದಂಗೆ ಕಾಣುತ್ತೆ, ಅದನ್ನ ನೋಡಿ ಎಲ್ಲರೂ ವಾಹ್ ಅಂತಾರೆ, ಆದ್ರೆ ಐವತ್ತು ಮೀಟರ್ ದೂರದಲ್ಲಿ ನಿಂತಿರೋ ದನ ಕಾಣಲ್ಲ. ಹತ್ತಿರದ ಆ ಜೋರು ಬೆಳಕಿಗೆ ಕಣ್ಣು ಹೊಂದ್ಕೊಂಡು ದೂರದ ಕತ್ತಲೆ ಇನ್ನೂ ಕಪ್ಪಾಗಿ ಕಾಣೋದು ಬೇರೆ. ಎದುರಿಗೆ ಬರೋನಿಗಂತೂ ಡಿಮ್ಮೂ ಒಂದೇ ಹೈ ಬೀಮೂ ಒಂದೇ.

ನಿಮ್ಮ ಎಸಿ ಲೈನಿಗೆ ಇನ್ನೊಂದು ಸಮಸ್ಯೆ. ಆ ಎಲ್‌ಇಡಿ ಒಳಗಿನ ಡ್ರೈವರ್ ಸರ್ಕ್ಯೂಟ್ ಸಾಮಾನ್ಯವಾಗಿ ಡಿಸಿಗೆ ಅಂತ ಮಾಡಿರೋದು. ಅರ್ಧರ್ಧ ಬಡಿತದಲ್ಲಿ ಬರೋ ಕರೆಂಟಿಗೆ ಅದು ಮಿಣಮಿಣ ಅನ್ನುತ್ತೆ, ಸ್ಲೋ ಅಲ್ಲಿ ಆರಿ ಆರಿ ಹತ್ತುತ್ತೆ, ವೋಲ್ಟೇಜ್ ಏರಿಳಿತಕ್ಕೆ ಬೇಗ ಸಾಯುತ್ತೆ. ಘಾಟಿ ತಿರುವಲ್ಲಿ ಹ್ಯಾಲೊಜನ್ ಡಲ್ ಆದ್ರೆ ಏನೋ ಒಂಚೂರಾದ್ರೂ ಕಾಣುತ್ತೆ, ಎಲ್‌ಇಡಿ ಕೈ ಕೊಟ್ರೆ ಪೂರ್ತಿ ಕತ್ತಲೆ. ಎಸಿ/ಡಿಸಿ ಎರಡಕ್ಕೂ ಅಂತ ಬರೆದಿರೋದೂ ಸಿಗುತ್ತೆ, ಮಿಣುಕೋದು ಕಮ್ಮಿ, ಬೆಳಕಿನ ಗೆರೆ ಸಮಸ್ಯೆ ಹಂಗೇ ಉಳಿಯುತ್ತೆ.

ಹಂಗಾದ್ರೆ ಹೊಸ ಗಾಡಿಗಳಿಗೆಲ್ಲ ಎಲ್‌ಇಡಿನೇ ಬರುತ್ತಲ್ಲ ಸರ್ ಅಂತ ಕೇಳ್ತೀರಿ. ಬರುತ್ತೆ, ಚೆನ್ನಾಗೂ ಇರುತ್ತೆ, ಯಾಕಂದ್ರೆ ಅಲ್ಲಿ ಡೂಮನ್ನೇ ಎಲ್‌ಇಡಿಗೆ ಅಂತ ಡಿಸೈನ್ ಮಾಡಿರ್ತಾರೆ. ಹ್ಯಾಲೊಜನ್ ಡೂಮಿಗೆ ಎಲ್‌ಇಡಿ ತುರುಕೋದು ಬೇರೆ ವಿಷಯ. ಜರ್ಮನಿಯಲ್ಲಿ 2020ರಲ್ಲಿ ಮೊದಲ ಸಲ ಓಸ್ರಾಮ್‌ನ ಒಂದು ಎಲ್‌ಇಡಿ ಬಲ್ಬನ್ನ ಹ್ಯಾಲೊಜನ್ ಜಾಗಕ್ಕೆ ಹಾಕೋಕೆ ಅನುಮತಿ ಕೊಟ್ರು, ಅದೂ ಎಲ್ಲ ಗಾಡಿಗಲ್ಲ, ಇಂಥಿಂಥ ಮಾಡೆಲಿನ ಹೆಡ್‌ಲೈಟಿಗೆ ಮಾತ್ರ ಅಂತ ಪಟ್ಟಿ ಮಾಡಿ. ಪ್ರತಿ ಡೂಮಲ್ಲೂ ಬೆಳಕು ಎಲ್ಲಿ ಬೀಳುತ್ತೆ ಅಂತ ಟೆಸ್ಟ್ ಮಾಡಿದ್ರೇನೇ ಗೊತ್ತಾಗೋದು ಅಂತ ಅರ್ಥ.

ನಮ್ಮಲ್ಲಿ ಕಾನೂನು ಇಲ್ಲ ಅಂತಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲೇ ಎದುರಿನವ್ರ ಕಣ್ಣು ಕುಕ್ಕದ ಹಾಗೆ ಬೆಳಕು ಕೆಳಗೆ ಬಾಗಿರಬೇಕು ಅಂತ ಇದೆ. 2024ರ ಜುಲೈನಿಂದ ಕರ್ನಾಟಕ ಪೊಲೀಸ್ರು ಕಣ್ಣು ಕುಕ್ಕೋ ಎಲ್‌ಇಡಿ ಹಾಕಿರೋ ಗಾಡಿಗಳ ಮೇಲೆ ರಾಜ್ಯದ ತುಂಬ ಕೇಸ್ ಹಾಕೋಕೆ ಶುರು ಮಾಡಿದ್ರು. ದಂಡಕ್ಕಿಂತ ನನಗೆ ಚಿಂತೆ ಆಗೋದು ಬೇರೆ: ನಿಮ್ಮ ಲೈಟಿಗೆ ಎದುರಿನ ಜೀಪಿನವನ ಕಣ್ಣು ಕತ್ತಲೆ ಬಂದ್ರೆ ಅವನು ಗುದ್ದೋದು ನಿಮಗೇ.

ಮಂಜು, ಹಳದಿ ಬಲ್ಬ್. ಇದು ಅರ್ಧ ನಿಜ. ಹಳದಿ ಬೆಳಕು ಮಂಜನ್ನ ತೂರ್ಕೊಂಡು ಹೋಗುತ್ತೆ ಅನ್ನೋದು ತಪ್ಪು, ಮಂಜಿನ ಹನಿಗಳು ಬೆಳಕಿನ ಅಲೆಗಿಂತ ಎಷ್ಟೋ ದೊಡ್ಡವು, ಅವು ಹಳದಿ ನೀಲಿ ಅಂತ ಭೇದ ಮಾಡದೆ ಎಲ್ಲವನ್ನೂ ಚೆದುರಿಸ್ತವೆ. ಆದ್ರೆ ನೀಲಿ ಛಾಯೆ ಇರೋ ಬೆಳ್ಳನೆ ಬೆಳಕು ವಾಪಸ್ ಬಂದು ಕಣ್ಣಿಗೆ ಹೊಡೆದಾಗ ಕಿರಿಕಿರಿ ಜಾಸ್ತಿ, ಬೆಚ್ಚನೆ ಬಣ್ಣದ್ದು ಅಷ್ಟು ಕಾಡಲ್ಲ. ಸಾದಾ ಹ್ಯಾಲೊಜನ್ 3200 ಕೆಲ್ವಿನ್ ಆಸುಪಾಸು, ಅದೇ ಸಾಕಷ್ಟು ಬೆಚ್ಚಗಿದೆ, ಮೇಲೆ ಹಳದಿ ಬಣ್ಣ ಬಳಿದಿರೋದು ತಗೊಂಡ್ರೆ ಆ ಬಣ್ಣವೇ ಒಂದಿಷ್ಟು ಬೆಳಕು ನುಂಗುತ್ತೆ. ನೀಲಿ ಗಾಜಿನ "ಸೂಪರ್ ವೈಟ್" ಬಲ್ಬುಗಳ ಕಥೆಯೂ ಇದೇ, ಅದಕ್ಕಿಂತ ಕೆಟ್ಟದು. ಕೆಲ್ವಿನ್ ಅಂದ್ರೆ ಬಣ್ಣದ ಲೆಕ್ಕ, ಎಷ್ಟು ಬೆಳಕು ಅನ್ನೋ ಲೆಕ್ಕ ಅಲ್ಲ, 6000 ಅಂತ ನೋಡಿ ಡಬಲ್ ಬೆಳಕು ಅಂದ್ಕೋಬೇಡಿ. ಮಂಜಲ್ಲಿ ನಿಜವಾಗಿ ಉಪಯೋಗಕ್ಕೆ ಬರೋದು ಡಿಮ್ಮಲ್ಲಿ ಓಡಿಸೋದು, ಗೆರೆ ಸರಿಯಾಗಿರೋ ಡಿಮ್ಮು, ಮತ್ತೆ ಸ್ಪೀಡ್ ಇಳಿಸೋದು. ಹೈ ಬೀಮ್ ಹಾಕಿದ್ರೆ ಕಣ್ಮುಂದೆ ಬಿಳಿ ಗೋಡೆ ಎದ್ದು ನಿಲ್ಲುತ್ತೆ, ಅದು ನಿಮಗೇ ಅನುಭವ ಇರುತ್ತೆ.

ನಿಮ್ಮ ಜಾಗದಲ್ಲಿ ನಾನಿದ್ರೆ ಏನು ಮಾಡ್ತಿದ್ದೆ ಅಂದ್ರೆ, ಮೊದ್ಲು ಡೂಮ್ ಬಿಚ್ಚಿ ಹೋಲ್ಡರ್ ನೋಡ್ತಿದ್ದೆ. ಕರಟಿದ್ರೆ ಉಜ್ಜಿ ಹಾಕೋದು ಬೇಡ, ಹೊಸ ಹೋಲ್ಡರೇ ಹಾಕ್ಸಿ, ಕಮ್ಮಿ ದುಡ್ಡಿನ ಸಾಮಾನು ಅದು. ಹ್ಯಾಂಡಲ್ ಮೇಲಿನ ಲೈಟ್ ಸ್ವಿಚ್ ಮತ್ತೆ ಡಿಮ್ ಸ್ವಿಚ್ ಬಿಚ್ಚಿ ಕಾಂಟ್ಯಾಕ್ಟ್ ಕ್ಲೀನರ್ ಹೊಡೆಸಿ, ಡೂಮ್ ಒಳಗಿರೋ ಕಪ್ಲರ್ ಒಂದೊಂದೇ ಕಿತ್ತು ನೋಡ್ಸಿ, ಅರ್ತ್ ವೈರ್ ಚಾಸಿಗೆ ಬೋಲ್ಟ್ ಆಗಿರೋ ಜಾಗ ಉಪ್ಪುಕಾಗದ ಹಾಕಿ ಹೊಳೆಯೋ ಹಾಗೆ ಮಾಡ್ಸಿ. ಸುಮ್ನೆ ಪರೀಕ್ಷೆಗೆ ಅಂತ, ಅರ್ತ್ ಪಿನ್ನಿಂದ ನೇರ ಇಂಜಿನ್ ಬಾಡಿಗೆ ಒಂದು ವೈರ್ ತಾಗ್ಸಿ ನೋಡಬಹುದು, ಥಟ್ಟಂತ ಬೆಳಕು ಜಾಸ್ತಿ ಆದ್ರೆ ಕಳ್ಳ ಸಿಕ್ಕಿದ ಅಂತ. ಇದಾದ್ಮೇಲೂ ರೇಸಲ್ಲಿ ಕೆಂಪಗೇ ಇದ್ರೆ ಆಗ ಆರ್‌ಆರ್ ಯೂನಿಟ್ ಬದಲಿಸಿ ನೋಡೋದು, ಒಳ್ಳೇ ಎಲೆಕ್ಟ್ರಿಷಿಯನ್ ಹತ್ರ ಚೆಕ್ ಮಾಡೋಕೆ ಅಂತ ಒಂದು ಇದ್ದೇ ಇರುತ್ತೆ. ಕಾಯಿಲ್ ಪ್ಲೇಟ್ ಸುಟ್ಟಿದೆ, ಬಿಚ್ಚಬೇಕು ಅನ್ನೋ ಮಾತಿಗೆ ಕೊನೇಲಿ ಹೋಗಿ, ಅದು ಇಂಜಿನ್ ಕೇಸ್ ಬಿಚ್ಚೋ ಕೆಲಸ, ಖರ್ಚೂ ಜಾಸ್ತಿ. ಮಲ್ಟಿಮೀಟರ್ ಇಟ್ಟು ಎಸಿ ಲೈನ್ ಅಳೆಯೋರಿಗೆ ಒಂದು ಮಾತು: ಈ ಕರೆಂಟಿನ ಆಕಾರ ಮನೆ ಕರೆಂಟಿನ ಥರ ಇಲ್ಲ, ಸಾದಾ ಮೀಟರ್ ತಪ್ಪು ತೋರಿಸುತ್ತೆ, ಆ ನಂಬರ್ ನೋಡಿ ಯೂನಿಟ್ ಹೋಗಿದೆ ಅಂತ ತೀರ್ಮಾನ ಮಾಡಬೇಡಿ.

ಆಮೇಲೆ ಡೂಮ್. ಇಷ್ಟು ವರ್ಷದ ಗಾಡಿ ಅಂದ್ಮೇಲೆ ಮೂಲ ಡೂಮೇ ಇದ್ರೆ ಒಳಗೆ ರಿಫ್ಲೆಕ್ಟರ್ ಮಂಕಾಗಿರೋ ಸಾಧ್ಯತೆ ಬಹಳ. ಬಲ್ಬ್ ತೆಗೆದು ತೂತಿನ ಹಿಂದಿಂದ ಇಣುಕಿ ನೋಡಿ, ಕನ್ನಡಿ ಥರ ಇಲ್ದೆ ಬೂದಿ ಬಣ್ಣಕ್ಕೆ ತಿರುಗಿದ್ರೆ ಅದನ್ನ ಒರೆಸಿ ಸರಿ ಮಾಡೋಕಾಗಲ್ಲ, ಬಟ್ಟೆ ತಾಗಿಸಿದ್ರೆ ಲೇಪನವೇ ಕಿತ್ತು ಬರುತ್ತೆ. ಹೊರಗಿನ ಪ್ಲಾಸ್ಟಿಕ್ ಹಳದಿಯಾಗಿದ್ರೆ ಟೂತ್‌ಪೇಸ್ಟ್ ಹಾಕಿ ಉಜ್ಜೋ ವಿಡಿಯೋ ನೋಡಿರ್ತೀರಿ, ಹೊಳೆಯೋದು ನಿಜ, ಬಿಸಿಲಿನಿಂದ ಕಾಪಾಡೋ ಮೇಲಿನ ಪದರವೂ ಜೊತೆಗೇ ಹೋಗೋದ್ರಿಂದ ಸ್ವಲ್ಪ ದಿನಕ್ಕೆ ಮತ್ತೆ ಹಳದಿ. ಹೊಸ ಡೂಮ್ ಹಾಕ್ಸೋದು ಬಲ್ಬಿಗಿಂತ ಖರ್ಚಿನ ಬಾಬ್ತು ನಿಜ, ಆದ್ರೆ ಎಲ್‌ಇಡಿಗೆ ಅಂತ ಎತ್ತಿಟ್ಟಿರೋ ದುಡ್ಡನ್ನ ನಾನಾದ್ರೆ ಇಲ್ಲಿ ಹಾಕ್ತೀನಿ.

ಬಲ್ಬು ಎಚ್‌ಎಸ್1, 12 ವೋಲ್ಟ್ 35/35 ವ್ಯಾಟೇ ತಗೊಳ್ಳಿ, ಗುರುತಿರೋ ಕಂಪನಿದು, ಸಾದಾ ಪಾರದರ್ಶಕ ಗಾಜಿಂದು. ಲೋಹದ ರಿಂಗ್ ಮೇಲೆ ಇದೇ ಅಕ್ಷರಗಳು ಸ್ಪಷ್ಟವಾಗಿ ಕೊರೆದಿರಬೇಕು, ವೃತ್ತದೊಳಗೆ ಇಂಗ್ಲಿಷಿನ ಇ (E) ಅಕ್ಷರ ಪಕ್ಕದಲ್ಲೊಂದು ಅಂಕಿ ಇದ್ರೆ ಇನ್ನೂ ಒಳ್ಳೇದು, ಅದು ಟೆಸ್ಟ್ ಮಾಡಿ ಒಪ್ಪಿದ ಬಲ್ಬ್ ಅನ್ನೋ ಗುರುತು. ಬೆಂಗಳೂರಿಗೆ ಹೋದಾಗ ಜೆಸಿ ರೋಡಲ್ಲಿ ತರ್ತೀನಿ ಅನ್ನೋರು ಡಬ್ಬ ನೋಡಿ ತರಬೇಡಿ, ಬಲ್ಬ್ ಹೊರಗೆ ತೆಗೆದು ನೋಡಿ ತನ್ನಿ, ನಕಲಿ ಮಾಲಲ್ಲಿ ಡಬ್ಬ ಅಸಲಿಗಿಂತ ಚಂದ ಇರುತ್ತೆ, ಒಳಗೆ ಸುರುಳಿ ಸೊಟ್ಟ ಕೂತಿರುತ್ತೆ. ಜಾಸ್ತಿ ಬೆಳಕು ಅಂತ ಶೇಕಡಾ ಲೆಕ್ಕ ಬರೆದಿರೋ ದುಬಾರಿ ಹ್ಯಾಲೊಜನ್‌ಗಳೂ ಇವೆ, ವ್ಯಾಟು ಅಷ್ಟೇ, ಮೋಸ ಅಲ್ಲ, ಆದ್ರೆ ಆ ಶೇಕಡಾ ರೋಡಿನ ಒಂದು ಜಾಗದಲ್ಲಿ ಬೀಳೋ ಬೆಳಕಿನ ಲೆಕ್ಕ, ಒಟ್ಟು ಬೆಳಕಿಂದಲ್ಲ, ಆಯಸ್ಸೂ ಕಮ್ಮಿ. ನಡುಗೋ ಒಂಟಿ ಸಿಲಿಂಡರ್ ಗಾಡಿಗೆ, ಅದೂ ನಮ್ಮ ರೋಡಲ್ಲಿ, ನಾನು ಅಷ್ಟಾಗಿ ಹೇಳಲ್ಲ. 2017ರ ಏಪ್ರಿಲ್ ಆದ್ಮೇಲೆ ಬಂದ ಗಾಡಿಗಳಿಗೆ ಹೆಡ್‌ಲೈಟ್ ಸ್ವಿಚ್ಚೇ ಇಲ್ಲ, ಹಗಲೆಲ್ಲ ಉರೀತಾನೇ ಇರುತ್ತೆ, ಅವ್ರಿಗಂತೂ ಬೇಡವೇ ಬೇಡ.

ಕೊನೇದು, ಒಂದು ಪೈಸೆ ಖರ್ಚಿಲ್ಲದ ಕೆಲಸ, ಯಾರೂ ಮಾಡಲ್ಲ. ಹಿಂದೆ ಸಾಮಾನು ಕಟ್ತೀನಿ ಅಂದ್ರಲ್ಲ, ಹಿಂದಿನ ಶಾಕ್ ಕುಗ್ಗಿದ್ರೆ ಮೂತಿ ಮೇಲೇಳುತ್ತೆ, ನಿಮ್ಮ ಡಿಮ್ಮು ರೋಡ್ ಬಿಟ್ಟು ಮರದ ಕೊಂಬೆ ನೋಡ್ತಿರುತ್ತೆ. ಒಂದಿನ ಸಂಜೆ ದಿನಾ ಕಟ್ಟೋ ಅಷ್ಟೇ ಸಾಮಾನು ಕಟ್ಟಿ, ಟೈರಲ್ಲಿ ಗಾಳಿ ಸರಿ ಇಟ್ಟು, ಸಮತಟ್ಟಾದ ಜಾಗದಲ್ಲಿ ಗೋಡೆಯಿಂದ 5 ಮೀಟರ್ ದೂರ ನಿಲ್ಸಿ. ನೀವು ಮೇಲೆ ಕೂತಿರಿ, ಸ್ಟ್ಯಾಂಡ್ ಹಾಕಬೇಡಿ, ಇನ್ನೊಬ್ರು ನೆಲದಿಂದ ಬಲ್ಬಿನ ಎತ್ತರ ಅಳೆದು ಗೋಡೆ ಮೇಲೆ ಅಷ್ಟೇ ಎತ್ತರಕ್ಕೆ ಸೀಮೆಸುಣ್ಣದಲ್ಲಿ ಗೆರೆ ಎಳೀಲಿ. ಡಿಮ್ ಹಾಕಿದಾಗ ಬೆಳಕಿನ ಮೇಲಂಚು ಆ ಗೆರೆಗಿಂತ 5ರಿಂದ 7 ಸೆಂಟಿಮೀಟರ್ ಕೆಳಗೆ ಇರಬೇಕು. ಇಲ್ದಿದ್ರೆ ಡೂಮ್ ಕೆಳಗೋ ಪಕ್ಕದಲ್ಲೋ ಇರೋ ಸ್ಕ್ರೂ ಸಡಿಲ ಮಾಡಿ ಬಾಗ್ಸಿ ಟೈಟ್ ಮಾಡಿ. ಹಿಂದಿನ ಶಾಕಿಗೆ ಸೆಟ್ಟಿಂಗ್ ಇದ್ರೆ ಒಂದು ಹಲ್ಲು ಏರಿಸಿದ್ರೂ ಆಗುತ್ತೆ.

ಇಷ್ಟೆಲ್ಲ ಮಾಡಿನೂ ಸಾಲ್ಲಿಲ್ಲ ಅಂದ್ರೆ ಇರೋ ದಾರಿ ಡಿಸಿ ಕನ್ವರ್ಶನ್. ಕಾಯಿಲಿನ ಅರ್ತ್ ಬಿಡಿಸಿ, ಫುಲ್ ವೇವ್ ಆರ್‌ಆರ್ (ಎಸಿಯ ಎರಡೂ ಅರ್ಧ ಬಳಸೋ ಯೂನಿಟ್) ಹಾಕಿ, ಹೆಡ್‌ಲೈಟನ್ನ ಬ್ಯಾಟರಿ ಲೈನಿಗೆ ತರೋದು. ಗೊತ್ತಿರೋರು ಮಾಡಿದ್ರೆ ಸ್ಲೋ ಅಲ್ಲೂ ಒಂದೇ ಸಮ ಬೆಳಕು ಬರುತ್ತೆ, ಗೊತ್ತಿಲ್ದೋರು ಮಾಡಿದ್ರೆ ಬ್ಯಾಟರಿ ಉಕ್ಕೋದೋ ವೈರ್ ಸುಡೋದೋ ಗ್ಯಾರಂಟಿ, ಟ್ರಾಫಿಕಲ್ಲೇ ಓಡಾಡೋ ಗಾಡಿ ಆದ್ರೆ ಬ್ಯಾಟರಿ ಡೌನ್ ಆಗೋದೂ ಇದೆ. ನಿಮ್ಮದು ಖಾಲಿ ರೋಡಲ್ಲಿ ಒಂದೇ ಸಮ ಓಡೋ ಗಾಡಿ, ನಡೆಯುತ್ತೆ. ಅದರ ಮೇಲೂ ಹೆಡ್‌ಲೈಟ್ 35 ವ್ಯಾಟೇ ಇರ್ಲಿ.

ಹೋಲ್ಡರ್ ಬಿಚ್ಚಿದಾಗ ಪಿನ್ನುಗಳು ಯಾವ ಬಣ್ಣಕ್ಕೆ ತಿರುಗಿವೆ, ಇಂಜಿನ್ ಆಫ್ ಇದ್ದಾಗ ಹೆಡ್‌ಲೈಟ್ ಹತ್ತುತ್ತಾ ಇಲ್ವಾ, ಇವೆರಡು ಬರೆದು ಕಳಿಸಿ, ಮುಂದೆ ಯೂನಿಟ್ ಚೆಕ್ ಮಾಡ್ಸೋದು ಬೇಕಾ ಬೇಡ್ವಾ ಅಂತ ಹೇಳ್ತೀನಿ.